ಫ್ರಾನ್ಸ್ ಲಿಸ್ಟ್ ಬೇಕೋ ಬೇಡವೋ ಅನ್ನುವ ಮೊದಲು ಯಾವ ಲಿಸ್ಟ್ ಎಂದು ಕೇಳೋಣ

ಮಾನ್ಯ ಸಂಪಾದಕರೇ,

ಎರಡು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಹಂಗೇರಿಯ ಪಿಯಾನೊ ವಾದಕ, ಸಂಗೀತ ರಚನೆಕಾರ ಫ್ರಾನ್ಸ್ ಲಿಸ್ಟ್ ಬಗ್ಗೆ ಒಂದು ಲೇಖನ ಬಂತು. ಗಂಭೀರವಾಗಿ ಪಿಯಾನೊ ನುಡಿಸುವವರು ಲಿಸ್ಟನನ್ನು ಹತ್ತಿರ ಸೇರಿಸುವುದಿಲ್ಲ, ಅವನ ಸಂಗೀತ ಬರೀ ಬೆರಳಿನ ಆಟ ಎನ್ನುವುದು ಅದರ ಸಾರ. ಮರುವಾರ ಅದಕ್ಕೆ ಉತ್ತರವಾಗಿ ಓದುಗರೊಬ್ಬರ ಪತ್ರ ಬಂತು. ಲಿಸ್ಟನನ್ನು ಬೈಯುವವರೆಲ್ಲ ಅವನನ್ನು ನುಡಿಸಲು ಕೈಲಾಗದವರು ಎಂದು ಅವರು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದರು. ಎರಡನ್ನೂ ಓದಿ ನನಗೆ ಸುಮ್ಮನಿರಲು ಆಗಲಿಲ್ಲ. ನಾನು 34 ವರ್ಷದಿಂದ ಪಿಯಾನೊ ಕಲಿಸುತ್ತಿದ್ದೇನೆ. ಮೊದಲ ಹತ್ತು ವರ್ಷ ಆ ಲೇಖಕರು ಹೇಳಿದ್ದನ್ನೇ ನಾನೂ ಮಕ್ಕಳಿಗೆ ಹೇಳಿಕೊಂಡು ಬಂದೆ. ಈಗ ಹೇಳುವುದಿಲ್ಲ. ಏಕೆ ಎಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಪತ್ರ ಉದ್ದವಾದರೆ ಮನ್ನಿಸಿ.

ನನಗೆ ಕಲಿಸಿದ ಮೇಡಂ ಜರ್ಮನಿಯ ಸಂಗೀತ ರಚನೆಕಾರರಾದ ಬ್ರಾಮ್ಸ್ ಮತ್ತು ಶೂಮನ್ ಎಂದರೆ ಪ್ರಾಣ ಬಿಡುತ್ತಿದ್ದರು. ಹನ್ನೊಂದು ವರ್ಷ ಅವರ ಹತ್ತಿರ ಕಲಿತೆ. ಅವರ ಕಪಾಟಿನಲ್ಲಿ ಬಾಕ್, ಬೀಥೋವನ್, ಶೂಬರ್ಟ್, ಶೋಪಾನ್ ಎಲ್ಲರೂ ಇದ್ದರು. ಲಿಸ್ಟನ ಒಂದು ಹಾಳೆಯೂ ಇರಲಿಲ್ಲ. ನನಗೆ ಹದಿನಾರು ವರ್ಷವಿದ್ದಾಗ ಧೈರ್ಯ ಮಾಡಿ ಕೇಳಿದ್ದೆ. ಅವರು ಕೈಯಲ್ಲಿದ್ದ ಪೆನ್ಸಿಲ್ ಕೆಳಗಿಟ್ಟು ಹೇಳಿದ್ದು ಇಷ್ಟೇ: 'ಅದರಲ್ಲಿ ಬೆರಳಿಗೆ ಮೈತುಂಬ ಕೆಲಸ, ತಲೆಗೆ ರಜೆ.' ನಾನು ಮತ್ತೆ ಕೇಳಲಿಲ್ಲ. ಅವರ ಮೇಲೆ ನನಗೆ ಅಷ್ಟು ನಂಬಿಕೆ. ಈಗಲೂ ಇದೆ. ನನ್ನ ಕೈಯಲ್ಲಿ ಏನಾದರೂ ಒಳ್ಳೆಯ ನಾದ ಹುಟ್ಟುತ್ತಿದ್ದರೆ ಅದು ಅವರು ಕೊಟ್ಟದ್ದು.

ಅವರ ಮಾತು ಎಲ್ಲಿಂದ ಬಂತು ಎನ್ನುವುದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಅದು ರಾಬರ್ಟ್ ಶೂಮನ್‌ನ ಹೆಂಡತಿ, ಪಿಯಾನೊ ವಾದಕಿ ಕ್ಲಾರಾ ಶೂಮನ್ ಕಾಲದಿಂದ ಗುರುವಿನಿಂದ ಶಿಷ್ಯರಿಗೆ ಇಳಿದು ಬಂದ ಮಾತು. ನಿಮ್ಮ ಲೇಖಕರೂ ಅದನ್ನೇ ಉದ್ಧರಿಸಿದ್ದಾರೆ. ಲಿಸ್ಟನ ಬಿ ಮೈನರ್ ಸೊನಾಟಾ ಎಂಬ ದೊಡ್ಡ ಪಿಯಾನೊ ಕೃತಿಯನ್ನು ಕ್ಲಾರಾ ಬರೀ ಗದ್ದಲ ಎಂದಳು, ಅಲ್ಲಿಗೆ ತೀರ್ಪು ಮುಗಿಯಿತು ಎಂಬಂತೆ ಬರೆದಿದ್ದಾರೆ. ಆದರೆ ಆ ಮಾತು ಯಾವ ದಿನ, ಯಾವ ಮನೆಯಲ್ಲಿ ಹುಟ್ಟಿತು ಎಂದು ಅವರು ಹೇಳಿಲ್ಲ. ಅದನ್ನು ಹೇಳದೆ ಈ ಜಗಳ ಅರ್ಥವಾಗುವುದಿಲ್ಲ.

ರಾಬರ್ಟ್ ಶೂಮನ್ ತನ್ನ ಸಿ ಮೇಜರ್ ಫ್ಯಾಂಟಸಿ ಎಂಬ ಪಿಯಾನೊ ಕೃತಿಯನ್ನು 1839ರಲ್ಲಿ ಅಚ್ಚು ಹಾಕಿಸಿದಾಗ ಲಿಸ್ಟನಿಗೆ ಅರ್ಪಿಸಿದ್ದ. ಲಿಸ್ಟ್ ಆ ಋಣ ತೀರಿಸಿದ್ದು ಹದಿನೈದು ವರ್ಷದ ನಂತರ. 1853ರಲ್ಲಿ ಸೊನಾಟಾ ಬರೆದು ಮುಗಿಸಿ, ಅದನ್ನು ಶೂಮನ್‌ಗೆ ಅರ್ಪಿಸಿ, 1854ರಲ್ಲಿ ಅಚ್ಚಾದ ಪ್ರತಿಯನ್ನು ಕಳಿಸಿದ. ಅದು ಮನೆಗೆ ಬಂದಾಗ ಶೂಮನ್ ಅಲ್ಲಿರಲಿಲ್ಲ. ಫೆಬ್ರವರಿಯಲ್ಲಿ ಅವನು ರೈನ್ ನದಿಗೆ ಹಾರಿದ್ದ. ಮಾರ್ಚ್‌ನಲ್ಲಿ ಅವನನ್ನು ಎಂಡೆನಿಕ್‌ನ ಮಾನಸಿಕ ಆಸ್ಪತ್ರೆಗೆ ಸೇರಿಸಿದ್ದರು. ಹೆಂಡತಿ ಬಂದು ನೋಡುವುದಕ್ಕೂ ವೈದ್ಯರು ಒಪ್ಪಿರಲಿಲ್ಲ. ಕ್ಲಾರಾ ತುಂಬು ಗರ್ಭಿಣಿ. ಅದು ಎಂಟನೆಯ ಮಗು, ಆಮೇಲೆ ಮೂರು ವಾರದೊಳಗೆ ಹುಟ್ಟಿತು. ಇಂಥ ಹೊತ್ತಿನಲ್ಲಿ, ಮೇ 25ರಂದು, ಲಿಸ್ಟನ ಸೊನಾಟಾ ಅವಳ ಕೈಗೆ ಬಂತು. ಇಪ್ಪತ್ತೊಂದು ವರ್ಷದ ಬ್ರಾಮ್ಸ್ ಅದನ್ನು ಅವಳಿಗೆ ನುಡಿಸಿ ತೋರಿಸಿದ. ಅವಳು ಡೈರಿಯಲ್ಲಿ ಬರೆದುಕೊಂಡಳು: ಇದು ಬರೀ ಗದ್ದಲ, ಆರೋಗ್ಯವಾದ ಒಂದು ಆಲೋಚನೆಯೂ ಇಲ್ಲ, ಎಲ್ಲ ಕಲಸುಮೇಲೋಗರ, ಇದಕ್ಕೆ ಈಗ ನಾನು ಧನ್ಯವಾದ ಬೇರೆ ಹೇಳಬೇಕು.

ಆ ಮನೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಗಂಡನ ಹೆಸರು ಮುಖಪುಟದ ಮೇಲಿದೆ, ಗಂಡ ಆಸ್ಪತ್ರೆಯಲ್ಲಿದ್ದಾನೆ. ಸೊನಾಟಾದ ಒಳಗೋ ಬಡಿತ, ಅಳು, ನಡುನಡುವೆ ದೊಡ್ಡ ಮೌನ. ಆ ದಿನ ಅದು ಅವಳಿಗೆ ಬೇರೆ ರೀತಿ ಕೇಳಿಸಲು ಸಾಧ್ಯವಿತ್ತಾ? ಅವಳದು ಕ್ಷಣದ ಕೋಪ ಅಷ್ಟೇ ಎಂದು ನಾನು ಹೇಳುತ್ತಿಲ್ಲ. ಅವಳು ಕೊನೆಯವರೆಗೂ ಆ ಅಭಿಪ್ರಾಯ ಬಿಡಲಿಲ್ಲ. ಲಿಸ್ಟ್ 1886ರಲ್ಲಿ ತೀರಿಕೊಂಡಾಗಲೂ ಅವನು ಮಹಾ ಪಿಯಾನೊ ವಾದಕ, ಆದರೆ ಎಳೆಯರಿಗೆ ಅಪಾಯದ ಮಾದರಿ ಎಂದೇ ಬರೆದಳು. ಗಂಡನ ಕೃತಿಗಳನ್ನು ತಾನೇ ಸಂಪಾದಿಸಿ ಅಚ್ಚು ಹಾಕಿಸುವಾಗ ಫ್ಯಾಂಟಸಿಯ ಮೇಲಿದ್ದ ಲಿಸ್ಟನ ಹೆಸರನ್ನೇ ತೆಗೆದುಹಾಕಿದಳು. ನಮ್ಮ ಮೇಡಂ ಬಳಿ ಇದ್ದ ಫ್ಯಾಂಟಸಿಯ ಹಳೆಯ ಪ್ರತಿಯಲ್ಲಿ ಆ ಸಾಲು ಇರಲಿಲ್ಲ. ನಾನು ಅದರಲ್ಲೇ ಕಲಿತವಳು. ಮೂವತ್ತು ದಾಟಿದ ಮೇಲೆ ಬೇರೊಂದು ಆವೃತ್ತಿ ಕೊಂಡು ಮೊದಲ ಪುಟ ತೆರೆದಾಗ 'ಫ್ರಾನ್ಸ್ ಲಿಸ್ಟ್‌ಗೆ' ಎಂದು ಕಂಡಿತು. ಅವತ್ತು ನಾನು ಪಿಯಾನೊ ಮುಟ್ಟಲಿಲ್ಲ, ಆ ಸಾಲನ್ನೇ ನೋಡುತ್ತಾ ಕೂತಿದ್ದೆ. ನನಗೆ ಕಲಿಸಿದವರ ಕೈಗೆ ಬರುವ ಮುಂಚೆಯೇ ಯಾರೋ ಒಂದು ಹೆಸರನ್ನು ಅಳಿಸಿದ್ದರು.

ಇದೇ ಕ್ಲಾರಾಗೆ ಲಿಸ್ಟ್ ತನ್ನ ಪಗನಿನಿ ಎಟ್ಯೂಡ್‌ಗಳನ್ನು, ಅಂದರೆ ಪಿಟೀಲುವಾದಕ ಪಗನಿನಿಯ ಸಂಗೀತದ ಮೇಲೆ ಕಟ್ಟಿದ ಅಭ್ಯಾಸದ ತುಣುಕುಗಳನ್ನು, ಅರ್ಪಿಸಿದ್ದ. 1838ರ ಮೊದಲ ರೂಪವನ್ನೂ ಅವಳಿಗೇ, 1851ರ ಎರಡನೆಯ ರೂಪವನ್ನೂ ಅವಳಿಗೇ. ಜನರ ಬಾಯಲ್ಲಿ ಲಿಸ್ಟ್ ಎಂದ ಕೂಡಲೇ ಬರುವ ಲಾ ಕಾಂಪನೆಲ್ಲಾ (ಪುಟ್ಟ ಗಂಟೆ) ಇರುವುದು ಅದರಲ್ಲೇ.

ಇನ್ನು ಬ್ರಾಮ್ಸ್ ನಿದ್ದೆ ಹೊಡೆದ ಕಥೆ. ನಿಮ್ಮ ಲೇಖನದಲ್ಲಿ ಅದು ದಪ್ಪ ಅಕ್ಷರದಲ್ಲಿತ್ತು. 1853ರಲ್ಲಿ ವೈಮಾರ್‌ನಲ್ಲಿ ಲಿಸ್ಟ್ ತಾನೇ ಸೊನಾಟಾ ನುಡಿಸುತ್ತಿದ್ದಾಗ ಎದುರು ಕೂತ ಬ್ರಾಮ್ಸ್ ತೂಕಡಿಸಿದ ಎನ್ನುವ ಕಥೆ ಎಲ್ಲರಿಗೂ ಗೊತ್ತು. ಆದರೆ ಅದನ್ನು ಬರೆದಿಟ್ಟ ವಿಲಿಯಂ ಮೇಸನ್ ಎಂಬ ಲಿಸ್ಟನ ಅಮೆರಿಕದ ಶಿಷ್ಯ ಇನ್ನೊಂದು ಮಾತನ್ನೂ ಬರೆದಿದ್ದಾನೆ. ತಾನು ಕೂತಿದ್ದ ಜಾಗದಿಂದ ಬ್ರಾಮ್ಸ್ ಕಾಣುತ್ತಿರಲಿಲ್ಲ, ಏನೋ ಆಯಿತು ಎಂದು ಮಾತ್ರ ಗೊತ್ತಾಯಿತು, ಏನಾಯಿತು ಎಂದು ಆಮೇಲೆ ಬಹುಶಃ ಬ್ರಾಮ್ಸ್ ಜೊತೆ ಬಂದಿದ್ದ ಪಿಟೀಲುವಾದಕ ರೆಮೆನ್ಯಿ ಹೇಳಿದ, ಅಂತ. ಅಂದರೆ ಇದು ಕಂಡದ್ದಲ್ಲ, ಕೇಳಿದ್ದು. ದೂರದ ಪ್ರಯಾಣ ಮಾಡಿ ದಣಿದು ಬಂದ ಇಪ್ಪತ್ತರ ಹುಡುಗ ಕಣ್ಣು ಮುಚ್ಚಿದ್ದರೆ ಅದು ಸಂಗೀತದ ವಿಮರ್ಶೆ ಹೇಗಾಗುತ್ತದೆ? ಬ್ರಾಮ್ಸ್‌ಗೆ ಲಿಸ್ಟನ ಹೊಸ ದಾರಿ ಹಿಡಿಸಲಿಲ್ಲ ಎನ್ನುವುದಕ್ಕೆ ಬೇರೆ ಗಟ್ಟಿ ಸಾಕ್ಷಿ ಇದೆ. 1860ರಲ್ಲಿ ಪಿಟೀಲುವಾದಕ ಯೋವಾಕಿಮ್ ಜೊತೆ ಸೇರಿ ಲಿಸ್ಟನ ಗುಂಪಿನ ವಿರುದ್ಧ ಬಹಿರಂಗ ಹೇಳಿಕೆಗೇ ಸಹಿ ಹಾಕಿದವನು ಅವನು. ಜಗಳ ನಿಜ. ನಿದ್ದೆಯ ಕಥೆ ಹಿಡಿದುಕೊಂಡು ಆ ಜಗಳವನ್ನು ಸಣ್ಣದು ಮಾಡಬಾರದು.

ಈಗ ನನ್ನ ಕೈಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ಮನಸ್ಸು ಬದಲಾದದ್ದು ಪುಸ್ತಕ ಓದಿ ಅಲ್ಲ.

ನನ್ನ ಕೈ ಚಿಕ್ಕದು. ಆಕ್ಟೇವ್, ಅಂದರೆ ಒಂದು ಸ್ವರದಿಂದ ಎಂಟನೆಯ ಸ್ವರದ ಅಂತರ, ಒಂದೇ ಕೈಗೆ ಸಲೀಸಾಗಿ ಸಿಗುತ್ತದೆ, ಒಂಬತ್ತನೆಯ ಸ್ವರ ಅಂಚಿನಲ್ಲಿ ಹಿಡಿಯಬಹುದು, ಹತ್ತನೆಯದು ಕನಸು. ಲಿಸ್ಟನ ಕೈ ಬೇರೆ ಜಾತಿಯದು, ನನ್ನಂಥವರಿಗೆ ಅದು ಬರೆದದ್ದಲ್ಲ ಎಂದುಕೊಂಡೇ ಬೆಳೆದೆ. ನನಗೆ 33 ಇದ್ದಾಗ ಒಬ್ಬ ಹುಡುಗ ಲಾ ಕಾಂಪನೆಲ್ಲಾ ಕಲಿಸಿ ಎಂದು ಹಟ ಹಿಡಿದ. ಅವನಿಗೆ ಕಲಿಸಬೇಕಾದರೆ ನಾನು ಕಲಿಯಬೇಕಲ್ಲ. ಹಾಳೆ ತಂದು ಮುಂದಿಟ್ಟುಕೊಂಡೆ. ಮೊದಲು ಕಣ್ಣಿಗೆ ಬಿದ್ದದ್ದು ಎಡಗಡೆ ಮೇಲಿನ ಮೂಲೆಯ ಪದ, ಅಲೆಗ್ರೆಟ್ಟೊ. ಹಗುರವಾದ ನಡೆ ಅಂತ ಅರ್ಥ. ಓಟ ಅಲ್ಲ. ಅದುವರೆಗೆ ನಾನು ಕೇಳಿದ್ದ ಒಬ್ಬೊಬ್ಬರೂ ಅದನ್ನು ಹಿಂದೆ ನಾಯಿ ಬಿದ್ದವರ ಹಾಗೆ ನುಡಿಸಿದ್ದರು.

ಆ ತುಣುಕಿನಲ್ಲಿ ಬಲಗೈ ಒಂದು ಕಡೆ ರಾಗ ನುಡಿಸಬೇಕು, ಇನ್ನೊಂದು ಕಡೆ ತೀರಾ ಮೇಲೆ ಡಿ ಶಾರ್ಪ್ ಗಂಟೆ ಬಾರಿಸಬೇಕು. ನಡುವೆ ಎರಡು ಆಕ್ಟೇವ್‌ವರೆಗೂ ಹಾರುವುದಿದೆ. ನಾನು ಆರು ವಾರ ನಿಧಾನವಾಗಿ ಕೂತೆ. ಒಂದು ನೋಟ್‌ಬುಕ್ ಇಟ್ಟುಕೊಂಡು ದಿನಾ ಐವತ್ತು ಸಲ ಹಾರಿ ಎಷ್ಟು ಸಲ ಗುರಿ ತಪ್ಪಿತು ಎಂದು ಬರೆಯುತ್ತಿದ್ದೆ. ಮೊದಲ ದಿನ 31. ಮೂರನೆಯ ವಾರಕ್ಕೆ 9. ಆಗ ಒಂದು ವಿಷಯ ಗೊತ್ತಾಯಿತು. ಮೇಲಿನ ಗಂಟೆಯನ್ನು ಹೊಡೆಯಲು ಹೋದರೆ ತಪ್ಪುತ್ತದೆ. ಮೆತ್ತಗೆ ಮುಟ್ಟಿ ಬರಲು ಹೋದರೆ ಸಿಗುತ್ತದೆ. ಕಿರುಬೆರಳು ಕೀ ಮೇಲೆ ಬೀಳಬಾರದು, ತಾಕಿ ವಾಪಸ್ ಬರಬೇಕು. ಗಂಟೆ ಮೆತ್ತಗಾದ ಕೂಡಲೇ ಕೆಳಗಿನ ರಾಗ ತಾನಾಗಿ ಕೇಳಿಸಿತು. ಅದುವರೆಗೆ ಅಲ್ಲೊಂದು ರಾಗ ಇದೆ ಎಂದೇ ನನಗೆ ಕೇಳಿಸಿರಲಿಲ್ಲ! ದೂರದಲ್ಲಿ ಎಲ್ಲೋ ಸಣ್ಣ ಗಂಟೆ ಅಲ್ಲಾಡುತ್ತಿದೆ, ಹತ್ತಿರದಲ್ಲಿ ಯಾರೋ ತಮ್ಮಷ್ಟಕ್ಕೆ ಹಾಡಿಕೊಳ್ಳುತ್ತಿದ್ದಾರೆ. ಅದು ಸರ್ಕಸ್ ಅಲ್ಲ, ಒಂದು ಚಿತ್ರ. ಸರ್ಕಸ್ ಮಾಡಿದವರು ನುಡಿಸುವವರು.

ಆಮೇಲೆ ಸೊನಾಟಾ ತಂದೆ. ಕಲಿಯಲು ಎರಡು ವರ್ಷ ಹಿಡಿಯಿತು. 760 ಬಾರ್ (ಹಾಳೆಯ ಮೇಲೆ ಗೆರೆ ಎಳೆದು ಭಾಗ ಮಾಡಿದ ತಾಳದ ಅಳತೆ), ಎಲ್ಲೂ ನಿಲ್ಲದ ಅರ್ಧ ಗಂಟೆ. ಅದರಲ್ಲಿ ಎರಡು ಜಾಗ ಮಾತ್ರ ಹೇಳುತ್ತೇನೆ.

ಮೊದಲ ಪುಟದಲ್ಲೇ ಎಡಗೈಯಲ್ಲಿ, ತೀರಾ ಮಂದ್ರದಲ್ಲಿ, ಒಂದೇ ಸ್ವರವನ್ನು ಸುತ್ತಿಗೆ ಏಟಿನ ಹಾಗೆ ಮತ್ತೆ ಮತ್ತೆ ಹೊಡೆದು ಒಂದು ಸಣ್ಣ ಸುರುಳಿಯಲ್ಲಿ ಮುಗಿಯುವ ಒಂದು ತುಣುಕು ಬರುತ್ತದೆ. ಸಿಟ್ಟು ತುಂಬಿದ ತುಣುಕು. ಇದನ್ನೇ ಕ್ಲಾರಾ ಗದ್ದಲ ಎಂದಿರಬೇಕು. 153ನೆಯ ಬಾರ್‌ಗೆ ಬಂದಾಗ ಬಲಗೈಯಲ್ಲಿ ಒಂದು ಹಾಡು ಶುರುವಾಗುತ್ತದೆ. ಒಂದೇ ಸ್ವರ ಮತ್ತೆ ಮತ್ತೆ, ಆದರೆ ಎಳೆದು ಎಳೆದು, ಕೆಳಗೆ ತೊಟ್ಟಿಲು ತೂಗಿದಂಥ ಎಡಗೈ. ಇಷ್ಟು ಕೋಮಲವಾದ ರಾಗ ಎಲ್ಲಿಂದ ಬಂತು ಎಂದು ನಾನು ನಾಲ್ಕೈದು ದಿನ ನುಡಿಸಿಕೊಂಡೇ ಇದ್ದೆ. ಒಂದು ಸಂಜೆ ಸುಮ್ನೆ ಅದನ್ನು ಎಡಗೈಯಲ್ಲಿ ಕೆಳಗೆ ಬೇಗ ನುಡಿಸಿ ನೋಡಿದೆ. ಅದೇ ಸುತ್ತಿಗೆ! ಅದೇ ಸ್ವರಗಳ ನಡೆ, ಅದೇ ಕೊನೆಯ ಸುರುಳಿ. ಬೈದ ಬಾಯಿಂದಲೇ ಲಾಲಿ. 'ತಲೆಗೆ ರಜೆ' ಎಂದು ನಮ್ಮ ಮೇಡಂ ಹೇಳಿದ್ದು ನೆನಪಾಗಿ ನನಗೆ ಸಂಕಟವಾಯಿತು. ಅವರಿಗೆ ಇದನ್ನು ತೋರಿಸಬೇಕಿತ್ತು ಎನಿಸಿತು. ಅಷ್ಟು ಹೊತ್ತಿಗೆ ಅವರು ಇರಲಿಲ್ಲ.

ಎರಡನೆಯ ಜಾಗ ಕೊನೆಯ ಪುಟ. ಲಿಸ್ಟನ ಕೈಬರಹದ ಪ್ರತಿ ಉಳಿದಿದೆ, ಅದರ ಪಡಿಯಚ್ಚೂ ಪ್ರಕಟವಾಗಿದೆ. ಅದರಲ್ಲಿ ಅವನು ಮೊದಲು ಸೊನಾಟಾವನ್ನು ಅಬ್ಬರವಾಗಿ, ಚಪ್ಪಾಳೆ ಬೀಳುವ ಹಾಗೆ ಮುಗಿಸಿದ್ದು ಕಾಣುತ್ತದೆ. ಆಮೇಲೆ ಅದನ್ನು ಪೂರ್ತಿ ಹೊಡೆದುಹಾಕಿದ್ದಾನೆ. ಬದಲಿಗೆ ಬರೆದಿರುವುದು ಈಗ ನಾವು ನುಡಿಸುವ ಕೊನೆ. ಮೇಲೆ ಉಸಿರಿನಷ್ಟು ಮೆತ್ತಗಿನ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಆಮೇಲೆ ಮೌನ, ಆಮೇಲೆ ಪಿಯಾನೊದ ಎಡತುದಿಯ ಹತ್ತಿರ ಒಂದೇ ಒಂದು ಬಿ. ಚಿಕ್ಕದು, ಮೆತ್ತಗಿನದು. ಮುಗಿಯಿತು. ಚಪ್ಪಾಳೆಗಾಗಿಯೇ ಬರೆಯುತ್ತಿದ್ದ ಎಂದು ಎಲ್ಲರೂ ಹೇಳುವ ಮನುಷ್ಯ ತನ್ನ ಅತಿ ದೊಡ್ಡ ಕೃತಿಯಲ್ಲಿ ಚಪ್ಪಾಳೆಯನ್ನು ತಾನೇ ಗೀಟು ಹಾಕಿ ಅಳಿಸಿದ್ದಾನೆ. ನಿಮ್ಮ ಲೇಖಕರು ದಯವಿಟ್ಟು ಆ ಪುಟವನ್ನು ಒಮ್ಮೆ ನೋಡಬೇಕು.

ಹಾಗೆಂದು ಮರುವಾರ ಪತ್ರ ಬರೆದವರ ಪಕ್ಷ ಸೇರಲೂ ನನಗೆ ಆಗುವುದಿಲ್ಲ. ಲಿಸ್ಟನನ್ನು ಒಪ್ಪದವರು ನುಡಿಸಲು ಆಗದವರು ಎನ್ನುವುದು ಸುಳ್ಳು. ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್ ಅವರ ಬೆರಳಿಗೆ ಯಾವುದು ಕಷ್ಟವಿತ್ತು? ಅವರು ಬೀಥೋವನ್‌ನ ಐದನೆಯ ಸಿಂಫನಿಯನ್ನು ಲಿಸ್ಟ್ ಪಿಯಾನೊಗೆ ಇಳಿಸಿದ ರೂಪದಲ್ಲಿ 1960ರ ದಶಕದಲ್ಲಿ ಧ್ವನಿಮುದ್ರಿಸಿದರು. ಲಿಸ್ಟನ ಸ್ವಂತ ಕೃತಿಗಳನ್ನು ಮುಟ್ಟಲಿಲ್ಲ. ಅದು ಕೈಲಾಗದ್ದಕ್ಕಲ್ಲ, ಮನಸ್ಸು ಒಪ್ಪದ್ದಕ್ಕೆ. ಕ್ಲಾರಾ ತನ್ನ ಕಾಲದ ಅತಿ ದೊಡ್ಡ ಪಿಯಾನೊ ವಾದಕರಲ್ಲಿ ಒಬ್ಬಳು. ಅವಳಿಗೆ ಬೆರಳು ಇರಲಿಲ್ಲವೇ?

ಒಪ್ಪದವರ ಮಾತಿನಲ್ಲಿ ಸತ್ಯವೂ ಇದೆ. ಲಿಸ್ಟ್ ಒಂದು ವಾಕ್ಯ ಹೇಳಿದರೆ ಅದನ್ನೇ ಒಂದು ಮೆಟ್ಟಿಲು ಮೇಲೆ ಮತ್ತೊಮ್ಮೆ ಹೇಳುತ್ತಾನೆ, ಇನ್ನೊಂದು ಮೆಟ್ಟಿಲು ಮೇಲೆ ಮಗದೊಮ್ಮೆ. ಡಿಮಿನಿಶ್ಡ್ ಸೆವೆಂತ್ ಎಂಬ ಕಳವಳ ಹುಟ್ಟಿಸುವ ಕಾರ್ಡ್ ಸಿಕ್ಕರೆ ಬಿಡುವುದೇ ಇಲ್ಲ. ಗ್ರಾಂಡ್ ಗಾಲಪ್ ಕ್ರೊಮ್ಯಾಟಿಕ್ ಥರದ ತುಣುಕನ್ನು ನಾನು ಯಾರಿಗೂ ಕಲಿಸುವುದಿಲ್ಲ, ಅದರಲ್ಲಿ ನನಗೆ ಏನೂ ಸಿಕ್ಕಿಲ್ಲ. ಎರಡನೆಯ ಹಂಗೇರಿಯನ್ ರಾಪ್ಸೊಡಿಯ ಕೊನೆಯ ಭಾಗ ಕೇಳಿದರೆ ನನಗೆ ಇವತ್ತಿಗೂ ಸುಸ್ತಾಗುತ್ತದೆ. ಅವನು ಬರೆದದ್ದೂ ತುಂಬಾ ಜಾಸ್ತಿ. ಲೆಸ್ಲಿ ಹೋವರ್ಡ್ ಎಂಬ ಪಿಯಾನೊ ವಾದಕರು ಅವನ ಪಿಯಾನೊ ಸಂಗೀತವನ್ನೆಲ್ಲ ಧ್ವನಿಮುದ್ರಿಸಲು ಹೊರಟರು, ಅದು ನೂರರ ಹತ್ತಿರ ಸೀಡಿಗಳಾದವು. ಅಷ್ಟರಲ್ಲಿ ಕಾಳೂ ಇದೆ, ಜೊಳ್ಳೂ ಇದೆ. ಯಾರ ಕೈಗೆ ಮೊದಲು ಯಾವುದು ಬಂತು ಎನ್ನುವುದರ ಮೇಲೆ ಅಭಿಪ್ರಾಯ ಕಟ್ಟಿಕೊಳ್ಳುತ್ತದೆ.

ಇದು ನಾನು ಹೊಸದಾಗಿ ಕಂಡುಹಿಡಿದ ಮಾತೇನೂ ಅಲ್ಲ. ಹಂಗೇರಿಯ ಬೇಲಾ ಬಾರ್ಟೋಕ್ ಸ್ವತಃ ದೊಡ್ಡ ಪಿಯಾನೊ ವಾದಕ. ಲಿಸ್ಟನ ಮೇಲ್ಮೈಯ ಥಳುಕು ತನಗೆ ಹಿಡಿಸುವುದಿಲ್ಲ ಎಂದು ಅವನೇ ಬರೆದುಕೊಂಡಿದ್ದಾನೆ. ಆಮೇಲೆ ಜನ ಹೆಚ್ಚು ನುಡಿಸದ ಕೃತಿಗಳನ್ನು ಮತ್ತೆ ಹಿಡಿದು ಕೂತ. ಥಳುಕು ಸರಿಸಿ ನೋಡಿದಾಗ ಒಳಗಿನ ಮನುಷ್ಯ ಕಂಡ. 1936ರಲ್ಲಿ ಹಂಗೇರಿಯ ವಿಜ್ಞಾನ ಅಕಾಡೆಮಿಯಲ್ಲಿ ಮಾತಾಡಲು ನಿಂತಾಗ ಬಾರ್ಟೋಕ್ ಆರಿಸಿಕೊಂಡ ವಿಷಯ ಲಿಸ್ಟ್. 2025ರಲ್ಲಿ ತೀರಿಕೊಂಡ ಪಿಯಾನೊ ವಾದಕ ಆಲ್ಫ್ರೆಡ್ ಬ್ರೆಂಡೆಲ್ ಬೀಥೋವನ್, ಶೂಬರ್ಟ್‌ಗೆ ಹೆಸರಾದವರು. ಥಳುಕು ಅವರ ಹತ್ತಿರ ಸುಳಿಯುತ್ತಿರಲಿಲ್ಲ. ಅಂಥವರು ಲಿಸ್ಟನನ್ನು ಜನ ತಪ್ಪು ತಿಳಿದಿದ್ದಾರೆ ಎಂದು ಜೀವನವಿಡೀ ವಾದ ಮಾಡಿದರು. ಲಿಸ್ಟನ ಸಂಗೀತ ನುಡಿಸುವವನ ಪ್ರಾಮಾಣಿಕತೆಯನ್ನು ಬಯಲು ಮಾಡಿಬಿಡುತ್ತದೆ ಎನ್ನುವ ಅರ್ಥದಲ್ಲಿ ಅವರು ಬರೆದ ಮಾತು ನನಗೆ ಇಡೀ ಜಗಳದ ಬೀಗದ ಕೈ ಹಾಗೆ ಕಾಣುತ್ತದೆ. ಮೊಜಾರ್ಟ್‌ನನ್ನು ಸಾಧಾರಣವಾಗಿ ನುಡಿಸಿದರೂ ಮೊಜಾರ್ಟ್ ಉಳಿಯುತ್ತಾನೆ. ಲಿಸ್ಟನನ್ನು ಮೆರೆಯಲು ನುಡಿಸಿದರೆ ಮೆರೆಯುವುದು ಮಾತ್ರ ಕೇಳಿಸುತ್ತದೆ, ಲಿಸ್ಟ್ ಹೋಗಿಬಿಡುತ್ತಾನೆ. ಆಮೇಲೆ ಕೇಳಿದವರು ಬೈಯುವುದು ನುಡಿಸಿದವನನ್ನಲ್ಲ, ಲಿಸ್ಟನನ್ನು.

ಅವನ ಕಾಲದಲ್ಲೇ ಇದು ಗೊತ್ತಿದ್ದ ವಿಷಯ. ಅವನ ಟ್ರಾನ್ಸೆಂಡೆಂಟಲ್ ಎಟ್ಯೂಡ್‌ಗಳ ಮೊದಲಿನ ರೂಪ ನೋಡಿ ಶೂಮನ್, ಇದನ್ನು ನುಡಿಸಬಲ್ಲವರು ಲೋಕದಲ್ಲಿ ಹೆಚ್ಚೆಂದರೆ ಹತ್ತು ಹನ್ನೆರಡು ಜನ ಎಂದು ಬರೆದ. ಲಿಸ್ಟ್ ಅದನ್ನು ಮತ್ತೆ ತಿದ್ದಿ 1852ರಲ್ಲಿ ಹಗುರ ಮಾಡಿ ಅಚ್ಚು ಹಾಕಿಸಿದ. ಶೋಪಾನ್ 1833ರಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ, ಪಕ್ಕದಲ್ಲಿ ಲಿಸ್ಟ್ ನನ್ನ ಎಟ್ಯೂಡ್‌ಗಳನ್ನು ನುಡಿಸುತ್ತಿದ್ದಾನೆ, ಅವನು ನುಡಿಸುವ ರೀತಿಯನ್ನು ಕದಿಯಬೇಕು ಎನಿಸುತ್ತಿದೆ ಎಂದಿದ್ದಾನೆ. ಶೋಪಾನ್‌ನಂಥ ನಾಜೂಕಿನ ಕಿವಿಯವನು ಗದ್ದಲವನ್ನು ಕದಿಯಲು ಆಸೆಪಡುತ್ತಿದ್ದನೇ?

ಒಂದು ನೋವಿನ ವಿಷಯ ಹೇಳಬೇಕು. ನನ್ನ ಹತ್ತಿರ ಕಲಿತ ಹುಡುಗಿಯೊಬ್ಬಳು ಹದಿನೇಳನೆಯ ವಯಸ್ಸಿನಲ್ಲಿ ಒಂದು ಸ್ಪರ್ಧೆಯಲ್ಲಿ ಲಿಸ್ಟನ ಫ್ಯುನರಾಯ್ (ಶವಸಂಸ್ಕಾರ) ಎಂಬ ತುಣುಕು ನುಡಿಸಿದಳು. ಲಿಸ್ಟ್ ಅದಕ್ಕೆ 'ಅಕ್ಟೋಬರ್ 1849' ಎಂಬ ಉಪಶೀರ್ಷಿಕೆ ಕೊಟ್ಟಿದ್ದಾನೆ. ಆ ತಿಂಗಳ 6ರಂದು ಹಂಗೇರಿಯ ದಂಗೆ ಅಡಗಿಸಿದ ಮೇಲೆ ಆರಾದ್‌ನಲ್ಲಿ ಹದಿಮೂರು ಸೇನಾ ನಾಯಕರನ್ನು, ಪೆಸ್ಟ್‌ನಲ್ಲಿ ಪ್ರಧಾನಿಯಾಗಿದ್ದ ಬಾತ್ಯಾನಿಯನ್ನು ಕೊಂದರು. ಹುಡುಗಿ ಅದನ್ನೆಲ್ಲ ಓದಿಕೊಂಡಿದ್ದಳು. ಶುರುವಿನ ಗಂಟೆಗಳನ್ನು ಎಡಗೈಯಲ್ಲಿ ಎಷ್ಟು ಭಾರವಾಗಿ ಇಳಿಸಿದಳೆಂದರೆ ಸಭೆಯಲ್ಲಿ ಕೆಮ್ಮು ಕೂಡ ನಿಂತಿತು. ನಡುವೆ ಬರುವ ಎಡಗೈ ಆಕ್ಟೇವ್‌ಗಳಲ್ಲಿ ಒಂದೆರಡು ತಪ್ಪಿದವು, ನಿಜ. ಮುಗಿದ ಮೇಲೆ ತೀರ್ಪುಗಾರರೊಬ್ಬರು ಅವಳಿಗೆ, 'ಶೂಮನ್ ನುಡಿಸಿದ್ದರೆ ನಿನ್ನ ಸಂಗೀತ ಗೊತ್ತಾಗುತ್ತಿತ್ತು, ಇದರಲ್ಲಿ ನಿನ್ನ ಆಕ್ಟೇವ್ ಮಾತ್ರ ಗೊತ್ತಾಯಿತು' ಎಂದರು. ಆ ಮಗು ಎರಡು ವರ್ಷ ಲಿಸ್ಟನ ಹಾಳೆ ತೆರೆಯಲಿಲ್ಲ. ಇಷ್ಟು ಜನರ ಸಾವಿನ ನೆನಪಿನ ಸಂಗೀತದಲ್ಲಿ ಅವರು ಆಕ್ಟೇವ್ ಎಣಿಸುತ್ತಾ ಕೂತಿದ್ದರು. ಇಂಥ ಮಾತು ಹೇಳುವ ಧೈರ್ಯ ಬರುವುದು 'ಗಂಭೀರ ವಾದಕರು ಲಿಸ್ಟನನ್ನು ಒಪ್ಪುವುದಿಲ್ಲ' ಎನ್ನುವ ಮಾತು ಮತ್ತೆ ಮತ್ತೆ ಅಚ್ಚಾಗುವುದರಿಂದ. ನಾನು ಈ ಪತ್ರ ಬರೆಯಲು ಮುಖ್ಯ ಕಾರಣ ಅದೇ.

ಇನ್ನೊಂದು ಕಡೆಯ ತಪ್ಪೂ ಅಷ್ಟೇ ದೊಡ್ಡದು. ಲಿಸ್ಟ್ ಎಂದರೆ ವೇಗ ಎಂದು ನಂಬಿ, ಕೈ ಇನ್ನೂ ಬಲಿಯದ ಮಕ್ಕಳಿಗೆ ರಾಪ್ಸೊಡಿ ಹಚ್ಚಿ ಮಣಿಕಟ್ಟು ನೋವು ಮಾಡಿಸುವ ಶಿಕ್ಷಕರನ್ನು ನಾನು ನೋಡಿದ್ದೇನೆ. ಅಂಥ ಮೂವರು ಮಕ್ಕಳು ಆಮೇಲೆ ನನ್ನ ಹತ್ತಿರ ಬಂದರು. ಅವರಿಗೆ ಮೊದಲು ಪಿಯಾನೊ ಮುಂದೆ ಭುಜ ಇಳಿಬಿಟ್ಟು ಕೂರುವುದನ್ನು ಕಲಿಸಬೇಕಾಯಿತು.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ ಇದೆ. ಇನ್ನೊಮ್ಮೆ ಲಿಸ್ಟ್ ಬಗ್ಗೆ ಬರೆಸುವಾಗ 1840ರ ದಶಕದ ಆ ಯುವಕನನ್ನು, ಹೆಂಗಸರು ಅವನ ಕೈಗವಸಿಗೆ ಕಿತ್ತಾಡಿದ ಕಥೆಗಳನ್ನು ಸ್ವಲ್ಪ ಪಕ್ಕಕ್ಕಿಡಿ. 1847ರಲ್ಲೇ, 35ನೆಯ ವಯಸ್ಸಿನಲ್ಲಿ, ಅವನು ಹಣಕ್ಕಾಗಿ ಕಛೇರಿ ಕೊಡುವುದನ್ನು ನಿಲ್ಲಿಸಿದ. ಆಮೇಲೆ 39 ವರ್ಷ ಬದುಕಿದ. ಕಲಿಯಲು ಬಂದವರಿಗೆ ದುಡ್ಡು ತೆಗೆದುಕೊಳ್ಳದೆ ಕಲಿಸಿದ. ಆ ಮುದುಕ ಲಿಸ್ಟ್ ಬರೆದದ್ದರ ಬಗ್ಗೆ ಬರೆಸಿ. ವಿಲ್ಲಾ ಡೆಸ್ಟೆಯ ಕಾರಂಜಿಗಳ ಮೇಲೆ 1877ರಲ್ಲಿ ಬರೆದ ತುಣುಕಿದೆ, ಶವದ ದೋಣಿಯ ಮೇಲೆ 1882ರಲ್ಲಿ ಬರೆದದ್ದಿದೆ. ಶ್ರುತಿಯೇ ಇಲ್ಲದ ಬಗಟೆಲ್ (ಸಣ್ಣ ತುಣುಕು) 1885ರದ್ದು. ಲಿಸ್ಟನನ್ನು ಒಪ್ಪದವರೂ ಒಪ್ಪುವವರೂ ಇವುಗಳ ಎದುರು ಒಂದೇ ಥರ ತಬ್ಬಿಬ್ಬಾಗುತ್ತಾರೆ. ಮೆಚ್ಚಲೂ ಬೈಯಲೂ ಹಳೆಯ ಮಾತುಗಳು ಕೆಲಸಕ್ಕೆ ಬರುವುದಿಲ್ಲ.

ಇವುಗಳಲ್ಲಿ ನಾನು ಮಕ್ಕಳಿಗೆ ಮೊದಲು ಕೊಡುವುದು 'ನ್ಯೂಯಾಜ್ ಗ್ರೀ', ಬೂದು ಮೋಡಗಳು. 1881ರದ್ದು, ಬರೀ 48 ಬಾರ್. ಬೆರಳಿಗೆ ಏನೇನೂ ಕಷ್ಟವಿಲ್ಲ. ಈಗ ಅದನ್ನು ಕಲಿಯುತ್ತಿರುವುದು ಹನ್ನೆರಡು ವರ್ಷದ ಹುಡುಗಿ, ಅವಳ ಕೈ ನನ್ನ ಕೈಗಿಂತ ಚಿಕ್ಕದು. ಎಡಗೈ ತಗ್ಗಿನಲ್ಲಿ ಸಣ್ಣಗೆ ನಡುಗುತ್ತಿರುತ್ತದೆ. ಕೊನೆಗೆ ಬಲಗೈ ಅರ್ಧ ಅರ್ಧ ಸ್ವರ ಮೇಲಕ್ಕೆ ಹತ್ತಿ, ಎಲ್ಲೂ ಇಳಿಯದ, ಮನೆ ಸೇರದ ಒಂದು ಕಾರ್ಡ್ ಮೇಲೆ ನಿಂತುಬಿಡುತ್ತದೆ. ಮೊದಲ ಸಲ ನುಡಿಸಿದಾಗ ಅವಳು ಹಾಳೆ ತಿರುಗಿಸಿ ನೋಡಿದಳು. ಹಿಂದೆ ಏನೂ ಇರಲಿಲ್ಲ.

'ಮುಗೀತಾ ಮೇಡಂ?'

'ಮುಗೀತು.'

ಅವಳು ಕೀಗಳ ಮೇಲಿಂದ ಕೈ ತೆಗೆಯಲಿಲ್ಲ. ನಾದ ಪೂರ್ತಿ ಆರುವವರೆಗೆ ಹಾಗೇ ಒತ್ತಿ ಹಿಡಿದಿದ್ದಳು. ಆಮೇಲೆ ಕೇಳಿದಳು, 'ಯಾವ ಬೆರಳು ಮೊದಲು ಎತ್ತಲಿ?' ನನಗೆ ಈ ಪ್ರಶ್ನೆ 34 ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಮೂರು ವಾರದಿಂದ ನಾವಿಬ್ಬರೂ ಅದನ್ನೇ ಹುಡುಕುತ್ತಿದ್ದೇವೆ. ಕೆಳಗಿನದನ್ನು ಮೊದಲು ಬಿಟ್ಟರೆ ಮೋಡ ತೇಲಿದ ಹಾಗಿರುತ್ತದೆ. ಮೇಲಿನದನ್ನು ಬಿಟ್ಟರೆ ಕತ್ತಲಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಎತ್ತಿ ಪೆಡಲ್ ಮಾತ್ರ ಹಿಡಿದರೆ ಇನ್ನೇನೋ ಆಗುತ್ತದೆ, ಅದಕ್ಕೆ ಅವಳಿನ್ನೂ ಹೆಸರಿಟ್ಟಿಲ್ಲ. ಬರುವ ಶನಿವಾರ ಮತ್ತೆ ಕೂರುತ್ತೇವೆ.

ಇತಿ ನಿಮ್ಮ ಓದುಗಾರ್ತಿ,
ಒಬ್ಬ ಪಿಯಾನೊ ಶಿಕ್ಷಕಿ